ಗುಲ್ನಾಜಳ ಪರೀಕ್ಷೆ ಅರ್ಜಿ

ಹಿರೇಕೆರೂರು,
ಸೋಮವಾರ

ಮುಖ್ಯೋಪಾಧ್ಯಾಯ ಕುಬೇರಪ್ಪನವರಿಗೆ ಸುಧಾರಾಣಿಯ ನಮಸ್ಕಾರಗಳು.

ಉತ್ತಮ ಶಿಕ್ಷಕಿ ಪ್ರಶಸ್ತಿಗೆ ನಾನು ಕೊಟ್ಟ ಅರ್ಜಿಯನ್ನು ದಯವಿಟ್ಟು ಮುಂದೆ ಕಳಿಸಬೇಡಿ. ‘ನಿಮ್ಮ ಶಿಕ್ಷಣ ತತ್ವವೇನು?’ ಎಂಬಲ್ಲಿ ‘ಕಲಿಯಲಾರದ ಮಗುವೇ ಇಲ್ಲ’ ಎಂದು ಬರೆದಿದ್ದೆ. ಹಾಗೆ ಬರೆಯುವ ಯೋಗ್ಯತೆ ನನಗಿಲ್ಲ.

ಹೋದ ವರ್ಷ ಹತ್ತನೆಯ ತರಗತಿಯ ಗುಲ್ನಾಜ ಗಣಿತದಲ್ಲಿ ನಪಾಸಾದರೆ ಶಾಲೆಯ ಫಲಿತಾಂಶ ಕೆಡುತ್ತದೆಂದು ಅವಳ ತಾಯಿಯನ್ನು ಕರೆಸಿ, “ಈ ಸಲ ಪರೀಕ್ಷೆಗೆ ಕೂಡ್ಸಬ್ಯಾಡ್ರಿ” ಎಂದವಳು ನಾನೇ. ನೀವೂ ಒಪ್ಪಿದಿರಿ. ಹುಡುಗಿ ಮತ್ತೆ ಶಾಲೆಗೆ ಬರಲೇ ಇಲ್ಲ.

ನಿನ್ನೆ ಹಾನಗಲ್ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಅಲ್ಲಿಯೇ ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಚ್ಚುವ ಕೆಲಸ ಮಾಡುತ್ತಾಳಂತೆ. ನನ್ನದು ತಪ್ಪಾಯಿತು ಎಂದೆ. ಅವಳೇ ನನ್ನ ಕೈ ಹಿಡಿದು, “ನಿಮ್ಮದೇನ್ ತಪ್ಪೈತ್ರಿ ಮೇಡಂ? ನನ್ನ ತಲಿಗೆ ಏನೂ ಹತ್ತೂದಿಲ್ಲಂತ ನನಗ ಗೊತ್ತೈತ್ರಿ” ಅಂದಳು. ಮೂರು ವರ್ಷದಲ್ಲಿ ಅವಳು ನನ್ನಿಂದ ಗಟ್ಟಿಯಾಗಿ ಕಲಿತದ್ದು ಇದೊಂದೇ.

ಈ ಸಲದ ಪರೀಕ್ಷೆ ಅರ್ಜಿಗೆ ಶುಕ್ರವಾರ ಕಡೆಯ ದಿನ. ಅವಳ ಅರ್ಜಿಯನ್ನು ತುಂಬಿ ಇದರ ಜೊತೆ ಇಟ್ಟಿದ್ದೇನೆ, ಸಹಿ ಮಾಡಿಕೊಡಿ. ಪ್ರತಿ ಭಾನುವಾರ ನಾನೇ ಹೋಗಿ ಪಾಠ ಹೇಳುತ್ತೇನೆ. ಅವಳ ಸಹಿಗಾಗಿ ನಾಳೆ ಆ ಅಂಗಡಿಗೆ ಹೋಗುವವಳಿದ್ದೇನೆ. ಮಾಡುತ್ತಾಳೋ ಇಲ್ಲವೋ, ನನಗೆ ತಿಳಿಯದು.

ತಮ್ಮ ವಿಶ್ವಾಸಿ,
ಸುಧಾರಾಣಿ
ಗಣಿತ ಶಿಕ್ಷಕಿ