ಗಡಿಯಾರದ ಅಂಗಡಿಯಲ್ಲಿ ತಪ್ಪಿದ ತಾರೀಖು

ಅಂಗಡಿಯಿಂದ,
ಶುಕ್ರವಾರ ಸಂಜೆ

ಪ್ರೀತಿಯ ಇವಳೇ,

ಹೇಗಿದ್ದೀಯೇ? ಜ್ವರ ಬಿಟ್ಟಿತೇ? ಊಟ ಸೇರುತ್ತಿದೆಯೇ? ಇನ್ನೊಂದು ಸುತ್ತು ಔಷಧಿ ಬೇಡ, ಮನೆಗೆ ಹೋಗಿಬಿಡುತ್ತೇನೆ ಎಂದು ಆಸ್ಪತ್ರೆಯಲ್ಲಿ ಹಟ ಹಿಡಿದಿದ್ದೀಯಂತೆ. ನಿನ್ನ ಅಕ್ಕ ಫೋನಿನಲ್ಲಿ ಅತ್ತರು. ನಿನ್ನ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ಆ ವಿಷಯ ಇರಲಿ, ಮೊದಲು ಅಂಗಡಿಯ ಸುದ್ದಿ ಕೇಳು.

ಆಸ್ಪತ್ರೆಗೆ ಹೊರಡುವ ಮುಂಚೆ ನೀನು ನಮ್ಮ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿದ್ದೆಯಲ್ಲ, ನಿನ್ನ ಕಾಯಿಲೆಗೆ ಮದ್ದು ಹುಡುಕುವವರ ದೊಡ್ಡ ಲೆಕ್ಕವನ್ನು ಸಾವಿರಾರು ಮನೆಗಳ ಕಂಪ್ಯೂಟರುಗಳು ಬಿಡುವಿನಲ್ಲಿ ಹಂಚಿಕೊಂಡು ಮಾಡುವುದು, ಅದು ಕಳೆದ ವಾರ ನಿಂತೇಹೋಯಿತು. ಲೆಕ್ಕಕ್ಕೆ ಬೇಕಾದ ಹೊಸ ಭಾಗ ಡೌನ್‌ಲೋಡ್ ಆಗುತ್ತಿಲ್ಲ ಎಂದು ಕೆಂಪಕ್ಷರ. ಮತ್ತೆ ಒತ್ತಿದೆ, ಮತ್ತೆ ಕೆಂಪು. ಅದರ ಫ್ಯಾನಿನ ಸದ್ದಿಲ್ಲದೆ ನನಗೆ ಮಧ್ಯಾಹ್ನ ತೂಕಡಿಕೆಯೂ ಬರಲಿಲ್ಲ ನೋಡು. ಇವತ್ತು ಇಂಟರ್‌ನೆಟ್ಟಿನವನನ್ನು ಕರೆಸಿ ಚೆನ್ನಾಗಿ ಬೈದೆ. ಅವನು ನೋಡಿ, "ಲೈನ್ ಸರಿಯಾಗೇ ಇದೆ ಯಜಮಾನ್ರೇ, ಇದರ ತಾರೀಖು ನೋಡಿ. ತಾರೀಖು ತಪ್ಪಿದ್ರೆ ಆ ಕಡೆಯವರು ನಂಬಲ್ಲ, ಏನೂ ಕಳಿಸಲ್ಲ" ಎಂದು, ಗೋಡೆ ತುಂಬ ಇರುವ ಗಡಿಯಾರಗಳ ಕಡೆ ತಿರುಗಿ ಕಿಸಕ್ಕನೆ ನಕ್ಕ. ನನ್ನ ಮಾನ ಹೋಯಿತು ಕಣೇ.

ಕಂಪ್ಯೂಟರಿನ ಹೊಟ್ಟೆಯಲ್ಲೂ ಒಂದು ಗುಂಡು ಸೆಲ್ ಇರುತ್ತದಂತೆ, ನಾವು ದಿನವೂ ಮಾರುವಂಥದ್ದೇ. ಅದು ಸತ್ತು, ತಾರೀಖು ಹಿಂದಕ್ಕೆ ಓಡಿ, ನಿನಗೆ ಕಾಯಿಲೆ ಬರುವುದಕ್ಕೆ ಮುಂಚಿನ ವರ್ಷಕ್ಕೆ ಹೋಗಿ ಕೂತಿತ್ತು. ಅವನು ಹೋದ ಮೇಲೆ ಹೊಸ ಸೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತೆ. ಹಾಕಲು ಮನಸ್ಸೇ ಬರಲಿಲ್ಲ. ಕೌಂಟರಿನ ಮೇಲೆ ಇಳಿಬಿಸಿಲು. ಟಿಕ್‌ಟಿಕ್ ಸದ್ದೆಲ್ಲ ಎಲ್ಲೋ ದೂರ ಹೋಯಿತು. ನೀನು ಸ್ಟೂಲಿನ ಮೇಲೆ ನಿಂತು ದೊಡ್ಡ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ, ಜಡೆ ಬೆನ್ನ ತುಂಬ ಇತ್ತು. ಎಷ್ಟು ಹೊತ್ತು ನೋಡುತ್ತಿದ್ದೆನೋ ಏನೋ. "ದೀಪ ಹಾಕ್ರೀ, ಕಣ್ಣು ಹಾಳಾಗತ್ತೆ" ಎಂದು ನೀನೇ ಗದರಿದ ಹಾಗಾಯಿತು. ಎದ್ದು ದೀಪ ಹಾಕಿದೆ. ಸೆಲ್ ಬದಲಿಸಿ ಇವತ್ತಿನ ತಾರೀಖು ಕೊಟ್ಟೆ. ಸೆಲ್ ಸತ್ತಾಗ ಅರ್ಧಂಬರ್ಧ ಇಳಿದು ಕೆಟ್ಟಿದ್ದ ಭಾಗವನ್ನು ಅಳಿಸಿ, ಮತ್ತೆ ಮೊದಲಿಂದ ತರಿಸಿದೆ. ಪೂರ್ತಿ ಬಂತು! ಈಗ ಇದನ್ನು ಬರೆಯುವಾಗ ಫ್ಯಾನು ಪಕ್ಕದಲ್ಲೇ ಗುಂಯ್ ಎನ್ನುತ್ತಿದೆ.

ಅಕ್ಕನಿಗೆ ನಮಸ್ಕಾರ ಹೇಳು. ಕಾಲಿಗೆ ತಣ್ಣಗಾಗದಂತೆ ಹೊದ್ದು ಮಲಗು, ನನ್ನ ಬಂಗಾರ.

ನಿನ್ನ
'ರೀ'

ಲಕೋಟೆ ಅಂಟಿಸುವ ಮುಂಚೆ: ಸೋಮವಾರ ಡಾಕ್ಟರು ಕೇಳಿದಾಗ ಹೂಂ ಅನ್ನು. ನಿನಗೆ ಸಾಕಾಗಿದೆ, ಗೊತ್ತು. ಆದರೂ ಇನ್ನೊಂದು ಸಲ. ತಾರೀಖು ಸರಿಮಾಡುವಾಗ ಆ ಹಳೇ ವರ್ಷದಲ್ಲಿ ನಿನ್ನನ್ನು ಸ್ಟೂಲಿನ ಮೇಲೇ ಬಿಟ್ಟು ಬಂದೆ ಕಣೇ. ಈ ವರ್ಷದಲ್ಲೂ ನೀನಿಲ್ಲದಿದ್ದರೆ ನಾನು ಬಂದದ್ದಾದರೂ ಯಾಕೆ?