ಕಲ್ಲಿನ ಮೇಲೆ ಬಿಟ್ಟ ಜಾಗ

ಮಾರ್ಚ್ ೧೨, ಗುರುವಾರ

ಕಲ್ಲುಕುಟಿಗ ನಾಳೆ ಬೆಳಿಗ್ಗೆ ಎಂಟಕ್ಕೇ ಬರುತ್ತಾನೆ. ತಮ್ಮನ ಹೆಸರನ್ನು ಸಮಾಧಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾನಂತೆ, ವಯಸ್ಸಿನ ಜಾಗ ಮಾತ್ರ ಖಾಲಿ. "ವಾಯುಪಡೆಯವರು ಇಪ್ಪತ್ತು ಅಂತಾರೆ, ನಿಮ್ಮಮ್ಮ ಹದಿನೆಂಟು ಅಂತಾರೆ. ವಾಯುಪಡೆಯವರಿಗೊಂದು ಕಾಗದ ಬರೆದಿಡಿ, ನಾಳೆ ಒಯ್ದು ನಾನೇ ತಲುಪಿಸ್ತೀನಿ. ಉಳಿ ಬಿದ್ಮೇಲೆ ನನ್ನ ಕೈಲಿಲ್ಲಮ್ಮ," ಎಂದ.

ಅಮ್ಮ ಕೆಂಡವಾದಳು. "ಹೆತ್ತವಳಿಗಿಂತ ಆಫೀಸಿನವರಿಗೆ ಜಾಸ್ತಿ ಗೊತ್ತಾ? ನಿನ್ನ ಅಕ್ಷರ ಮುತ್ತಿನ ಹಾಗಿದೆ, ನೀನೇ ಬರಿ. ಚೆನ್ನಾಗಿ ಉಗಿದು ಬರಿ."

ಆ ಮುತ್ತಿನಂಥ ಅಕ್ಷರ ವಾಯುಪಡೆಯವರ ಕಡತದಲ್ಲೂ ಇದೆ. ಶಾಲೆಯ ಗುಮಾಸ್ತಿಕೆ ನನ್ನದು. ವಯಸ್ಸಿನ ಪ್ರಮಾಣಪತ್ರ ಬರೆಯುವವಳು ನಾನೇ. ಆಗ ತಮ್ಮನಿಗೆ ಹದಿನೇಳು. ವಾಯುಪಡೆ ಸೇರಬೇಕೆಂದು ಮೂರು ದಿನ ಬೆನ್ನು ಬಿಡಲಿಲ್ಲ. "ಎರಡೇ ವರ್ಷ ಜಾಸ್ತಿ ಬರಿ ಅಕ್ಕಾ! ಬಂದ್ಮೇಲೆ ವಾಪಸ್ ಕೊಡ್ತೀನಿ," ಎಂದು ನಗಿಸಿದ. ನಗುತ್ತಲೇ ಹತ್ತೊಂಬತ್ತು ಎಂದು ಬರೆದು ಮೊಹರು ಒತ್ತಿದೆ. ಹದಿನಾಲ್ಕು ತಿಂಗಳಿಗೆ ಅವನಿದ್ದ ವಿಮಾನ ಹೊತ್ತಿ ಉರಿದು ಬಿತ್ತು.

ಬಾಂಬರ್ ವಿಮಾನದ ಬಾಲದಲ್ಲಿ, ಬಂದೂಕು ಹಿಡಿದು ಹಿಂದಕ್ಕೆ ಮುಖ ಮಾಡಿ ಕೂರುವುದು ಅವನ ಕೆಲಸ. "ಹೋಗೋ ಊರು ಕಾಣಲ್ಲಕ್ಕಾ, ಬಿಟ್ಟು ಬಂದದ್ದೇ ಕಾಣುತ್ತೆ," ಎಂದು ಬರೆದಿದ್ದ. ಕೊನೆಯ ಗಳಿಗೆಯಲ್ಲೂ ಅವನ ಮುಖ ಈ ಕಡೆಗೇ ಇತ್ತೇ? ಇದನ್ನು ಯೋಚಿಸಬಾರದು.

ಕಾಗದ ಹೋದರೆ ಉತ್ತರದ ಜೊತೆ ಆ ಪ್ರಮಾಣಪತ್ರವನ್ನೂ ಕಳಿಸುತ್ತಾರೆ. ಅಮ್ಮನಿಗೆ ಓದು ಬಾರದು. ನನ್ನ ಅಕ್ಷರದ ಗುರುತು ಮಾತ್ರ ಎಲ್ಲಿ ಕಂಡರೂ ಹಿಡಿಯುತ್ತಾಳೆ.

"ಮುಗೀತಾ?" ಒಳಗಿನಿಂದ ಮತ್ತೆ ಕೂಗಿದಳು.

"ಇನ್ನೊಂದೇ ಸಾಲಮ್ಮ," ಎಂದೆ.

ಕಾಗದದಲ್ಲಿ ಇದುವರೆಗೆ ಇರುವುದು ಇಷ್ಟೇ: ನನ್ನ ತಮ್ಮನ ವಯಸ್ಸು