ಮಾತ್ರೆಯ ಇನ್ನರ್ಧ

ಅಮ್ಮಾ,

ನೀನಿದ್ದಾಗಲೂ ನಿನಗೆ ಅಕ್ಷರ ಬರುತ್ತಿರಲಿಲ್ಲ, ಈಗಂತೂ ಕೇಳಲೇಬೇಡ. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಈಗ ಸರ್ಕಾರದವರು ತಿಂಗಳಿಗೊಮ್ಮೆ ಸ್ವಲ್ಪ ದುಡ್ಡನ್ನು ನೇರವಾಗಿ ನನ್ನ ಖಾತೆಗೇ ಹಾಕುತ್ತಾರೆ. ಕಳೆ ಕೀಳುವ ಕೂಲಿ ಸಿಗದ ವಾರದಲ್ಲೂ ಒಲೆ ಉರಿಯುತ್ತದೆ. ನಿನ್ನ ಅಳಿಯದೇವರು ಅದರ ಮೇಲೆ ಕಣ್ಣು ಹಾಕಿದರು. "ಅದು ನನ್ನ ಹೆಸರಿಗೆ ಬಂದಿದ್ದು" ಅಂದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಿನ್ನ ಬಿಪಿ ನನಗೂ ಬಂದಿದೆ. ಬೆಳಿಗ್ಗೆ ಔಷಧಿ ಅಂಗಡಿಗೆ ಹೋದೆ. ನನ್ನ ಮುಖ ಕಂಡಿದ್ದೇ ಅಂಗಡಿಯವನು ಕತ್ತರಿ ಎತ್ತಿಕೊಂಡ. "ನಾಲ್ಕು ಮಾತ್ರೆ ತಾನೇ ಅಕ್ಕಾ?"

"ಕತ್ತರಿ ಕೆಳಗಿಡಪ್ಪಾ. ಇಡೀ ಶೀಟ್ ಕೊಡು" ಅಂದೆ. ಬೀದಿಗೆಲ್ಲ ಕೇಳುವ ಹಾಗೆ ಅಂದೆ.

ಮನೆಗೆ ಬಂದು, ಲೋಟದಲ್ಲಿ ನೀರು ಹಿಡಿದು ಕೂತೆ. ಮಾತ್ರೆ ಅಂಗೈಗೆ ಬಿದ್ದಿದ್ದೇ ತಡ, ಕೈ ತಾನಾಗಿಯೇ ಅದನ್ನು ಉಗುರಿನಿಂದ ಎರಡು ಮಾಡಿಬಿಟ್ಟಿತು. ಒಂದರ್ಧವನ್ನು ಕಾಗದದಲ್ಲಿ ಸುತ್ತಿ, ನೀನು ಮಾತ್ರೆ ಇಡುತ್ತಿದ್ದ ಡಬ್ಬಿಗೆ ಹಾಕಲು ಹೊರಟಿದ್ದೆ. ನಿನ್ನ ಮೊಮ್ಮಗಳು ನೋಡಿಬಿಟ್ಟಳು.

"ಯಾಕಮ್ಮಾ ಮುರಿದೆ? ಡಾಕ್ಟರು ಪೂರ್ತಿ ನುಂಗು ಅಂದಿದ್ರಲ್ಲ?"

"ಅಜ್ಜಿ ಹೀಗೇ ನುಂಗ್ತಿದ್ಲು" ಅಂದೆ. ಅವಳು ನೀರಿನ ಲೋಟವನ್ನು ನನ್ನ ಮುಂದಕ್ಕೆ ಸರಿಸಿದಳು.

"ಅರ್ಧ ಸಾಕು ಕಣೇ, ಕಾಯಿಲೆಗೇನು ಲೆಕ್ಕ ಬರುತ್ತಾ?" ಅಂತ ನೀನು ಅನ್ನುತ್ತಿದ್ದೆಯಲ್ಲ. ಆಗ ನಾನೂ ನಗುತ್ತಿದ್ದೆ.

ಎರಡೂ ತುಂಡು ನುಂಗಿದೆ, ಅಮ್ಮಾ. ಆಮೇಲೆ ಡಬ್ಬಿ ತೆರೆದೆ. ಮರುದಿನಕ್ಕೆಂದು ನೀನು ಸುತ್ತಿಟ್ಟಿದ್ದ ಅರ್ಧ ಅದರ ತಳದಲ್ಲಿ ಹಾಗೇ ಇದೆ.